ಗುರುವಾರದ ಕಂತು

ಬ್ಯಾಡಗಿ
ರವಿವಾರ, ೨೪-೨-೧೯೯೧

ಪ್ರೀತಿಯ ಅಮೀರಾ,

ನೀನು, ನಿಮ್ಮವರು, ಕೂಸು ಎಲ್ಲರೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ನಾವೂ ಆರಾಮ. ನಿನ್ನ ಮೂರು ಪತ್ರಗಳೂ ಮುಟ್ಟಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ. ಶಾಲೆಯ ಪರೀಕ್ಷೆ, ಮನೆಯ ಗದ್ದಲ ಎಂದೆಲ್ಲ ಹೇಳಬಹುದು, ಹೇಳಿದರೆ ನೀನು ನಂಬುತ್ತೀ ಕೂಡ. ಆದರೆ ಪ್ರತಿ ಸಲ ಹಾಳೆ ತೆಗೆದು ನಿನ್ನ ಹೆಸರು ಬರೆದು, ಅದರ ಕೆಳಗೆ ಏನು ಬರೆಯಬೇಕೆಂದು ತಿಳಿಯದೆ ಮಡಿಚಿ ಇಟ್ಟಿದ್ದೇನೆ. ಕ್ಷಮಿಸು.

ಮೂರನೆಯ ಪತ್ರದಲ್ಲಿ ನೀನು ಕೇಳಿದ್ದು ಒಂದೇ ಮಾತು. "ಅಮ್ಮಿ ಬ್ಯಾಡಗಿಗೆ ಹೋಗೂದ ಯಾಕ ಬಿಟ್ಟಾಳ? ಕೇಳಿದ್ರ 'ಮನಿ ವ್ಯವಹಾರ ಮುಗೀತಲ್ಲ' ಅಂತಾಳ. ಅಷ್ಟೇ ಏನು?"

ಅಷ್ಟೇ ಅಲ್ಲ ಅಮೀರಾ. ಅದನ್ನು ಹೇಳಲು ಕುಳಿತಿದ್ದೇನೆ. ನೀನು ಮದುವೆಯಾಗಿ ಮಿರಜಿಗೆ ಹೋದ ಮೇಲೆ ನಡೆದದ್ದು ನಿನಗೆ ಅರ್ಧಂಬರ್ಧ ಗೊತ್ತು. ಆದ್ದರಿಂದ ಮೊದಲಿನಿಂದಲೇ ಬರೆಯುತ್ತೇನೆ.

ನಿನ್ನನ್ನು ಕಳಿಸಿದ ಮೇಲೆ ಹಿತ್ತಲ ಕಡೆಯ ಆ ಖೋಲಿಯಲ್ಲಿ ಅಮ್ಮಿ ಒಬ್ಬರೇ ಉಳಿದರು. ಮದುವೆಯ ಖರ್ಚು ಇನ್ನೂ ಅಲ್ಲಲ್ಲಿ ಕೊಡುವುದಿತ್ತು. ನಿಮ್ಮ ಮಾಮಾ ಫಕ್ಕೀರಸಾಬರು ಅಗಡಿಯಿಂದ ಬಂದು, "ಮನಿ ಮಾರಿ ನಮ್ಮ ಕಡೆ ಬಂದು ಇರು ಅಕ್ಕಾ" ಎಂದು ಗಂಟುಬಿದ್ದರು. ಮಾರ್ಕೆಟ್ಟಿನ ಒಬ್ಬ ವ್ಯಾಪಾರಿ ರೊಕ್ಕ ಹಿಡಿದುಕೊಂಡು ತಯಾರಾಗಿದ್ದ. ಮುಂದಿನ ಭಾಗದಲ್ಲಿ ಬಾಡಿಗೆಗಿದ್ದ ನಾವು ಬೇರೆ ಮನೆ ಹುಡುಕಬೇಕಾಗುತ್ತದೆ ಎಂದು ಅವ್ವ ಪಾತ್ರೆ ಕಟ್ಟುವ ಮಾತು ಶುರು ಮಾಡಿದ್ದಳು. ಆಗ ಅಮ್ಮಿ ಒಂದು ಮುಂಜಾನೆ ನೇರವಾಗಿ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ಕುಳಿತರು.

"ಹೊನ್ನವ್ವಾ, ಅವ ಗೋದಾಮು ಮಾಡ್ತಾನಂತ. ನನ್ನ ಮನ್ಯಾಗ ಮೆಣಸಿನಕಾಯಿ ಚೀಲ ಮಲಗಬೇಕಂತ, ಮನಶ್ಯಾರಲ್ಲ. ಅದಕ್ಕಿಂತ ನೀವ ತಗೋರಿ."

ಅವ್ವ ನಕ್ಕುಬಿಟ್ಟಳು. "ಅಕ್ಕಾರ, ನಮ್ಮ ಕಡೆ ಎಲ್ಲಿ ರೊಕ್ಕ ಐತ್ರಿ? ಬಾಡಿಗಿ ಕೊಡೂ ದಿನಾ ಬಂತಂದ್ರ ನಿಮ್ಮ ಮಾರಿ ತಪ್ಪಿಸಿ ಅಡ್ಡಾಡ್ತೇವಿ."

"ಬಾಡಿಗಿ ಕೊಟ್ಟಂಗನ ಕೊಡ್ರಿ. ಸ್ವಲ್ಪ ಹೆಚ್ಚು ಮಾಡಿ ಕೊಡ್ರಿ. ಕೊಟ್ಟು ಕೊಟ್ಟು ಒಂದಿನ ಮುಗೀತೈತಿ. ಮುಗಿದ ದಿನಾ ಮನಿ ನಿಮ್ದು."

ಸಂಜೆ ಅಪ್ಪನಿಗೆ ತಿಳಿಯಿತು. ಅಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ದಿನವೆಲ್ಲ ಬಡ್ಡಿ ಲೆಕ್ಕ ಹಾಕುವುದೇ ಅವನ ಕೆಲಸ. ಅವನು ಕೇಳಿದ ಮೊದಲ ಮಾತು, "ಬಡ್ಡಿ ಹೆಂಗ ಹಿಡೀತೀರಿ?"

"ಬಡ್ಡಿ ನಮಗ ಹರಾಮ, ಪ್ರಭಣ್ಣ. ಕೊಟ್ರ ನಿನಗ ಹಗುರ ಆದೀತು, ತಗೊಂಡ್ರ ನನಗ ಭಾರ ಆಕ್ಕೈತಿ."

ಅಪ್ಪನಿಗೆ ಅದು ನುಂಗಲಾಗಲಿಲ್ಲ. ಎಲ್ಲೋ ಏನೋ ತಪ್ಪಿದೆ ಎಂದು ಮರುದಿನ ಮತ್ತೊಮ್ಮೆ ಹೋಗಿ ಅದನ್ನೇ ಕೇಳಿ, ಅದೇ ಉತ್ತರ ಕೇಳಿಸಿಕೊಂಡು ಬಂದ.

ವಕೀಲರ ಮನೆಗೆ ಕರಾರು ಬರೆಸಲು ಹೋದಾಗ ನಾನೂ ಹೋಗಿದ್ದೆ. ಆಗ ನಾನು ಬಿ.ಎ. ಎರಡನೇ ವರ್ಷ. ಮೂಲೆಯ ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದೆ. ವಕೀಲರು ತಮ್ಮ ಪಾಡಿಗೆ, ಮೂರು ಕಂತು ತಪ್ಪಿದರೆ ಮನೆ ಮರಳಿ ಮಾಲಕರಿಗೆ ಎಂದು ಬರೆದು ಓದಿದರು. ಅಮ್ಮಿ ಕೈಯೆತ್ತಿ ತಡೆದರು.

"ಅದನ್ನ ಹೊಡೀರಿ. ಒಬ್ಬರ ಮನ್ಯಾಗ ಜಡ್ಡು ಬರ್ತೈತಿ, ಒಂದು ಹೆರಿಗಿ ಬರ್ತೈತಿ. ಈ ತಿಂಗಳ ತಪ್ಪಿದ್ರ ಮುಂದಿನ ತಿಂಗಳ ಕೊಡ್ತಾರ. ಅದರ ಬದ್ಲಿ ಇದೊಂದು ಬರೀರಿ. ಕಂತು ನಾ ಬಂದು ಇಸಗೊಂಡು ಹೋಗಾಕಿ. ಮನಿಆರ್ಡರ್ ಕಳಸಬಾರ್ದು, ಯಾರ ಕೈಯಾಗೂ ಕೊಟ್ಟು ಕಳಸಬಾರ್ದು."

"ಬಸ್ಸಿನ ಚಾರ್ಜು ನಿಮ್ಮ ಮೈಮ್ಯಾಲೆ ಬರ್ತೈತಲ್ಲ ಬೀಬಿ?"

"ಬರ್ಲಿ ಬಿಡ್ರಿ. ನನ್ನ ಮೈ ಏನು ಸಣ್ಣದೈತಿ?"

ವಕೀಲರು ನಕ್ಕು ಬರೆದರು. ನಾನೂ ಒಳಗೊಳಗೇ ನಕ್ಕೆ. ಲಾಭದ ಮಾತು ಬಿಟ್ಟು ನಷ್ಟದ ಮಾತು ಬರೆಸುತ್ತಾರಲ್ಲ, ವ್ಯವಹಾರ ತಿಳಿಯದವರು ಎಂದುಕೊಂಡೆ. ಸಾಹಿತ್ಯ ಓದುತ್ತಿದ್ದೆ ನೋಡು, ಒಂದು ಸಾಲಿನ ಹಿಂದೆ ಇನ್ನೊಂದು ಅರ್ಥ ಇರುತ್ತದೆಂದು ದಿನಾ ಪಾಠ ಕೇಳುತ್ತಿದ್ದೆ.

ಕರಾರಾದ ಮೇಲೆ ಅಮ್ಮಿ ಅಗಡಿಗೆ ತಮ್ಮನ ಮನೆಗೆ ಹೋದರು, ಪ್ರತಿ ತಿಂಗಳ ಮೊದಲನೇ ಗುರುವಾರ ಕಂತಿಗೆ ಬರುತ್ತಿದ್ದರು. ಅಗಡಿಯಿಂದ ಹಾವೇರಿ, ಹಾವೇರಿಯಿಂದ ಬ್ಯಾಡಗಿ. ಗುರುವಾರ ಇಲ್ಲಿ ಮೆಣಸಿನಕಾಯಿ ಪೇಟೆ ಇರುವ ದಿನವೆಂದು ನಿನಗೆ ಗೊತ್ತು, ಬಸ್ಸಿನ ತುಂಬ ಜನ, ಓಣಿಯ ತುಂಬ ಘಾಟು. ಬಾಗಿಲಿಗೆ ಬರುವ ಮೊದಲೇ ಅವರ ಸೀನು ಕೇಳುತ್ತಿತ್ತು. ಅವ್ವ ಒಳಗಿಂದಲೇ, "ಬಂದ್ರ ನೋಡು ಮನಿ ಮಾಲಕ್ರು" ಎನ್ನುತ್ತಿದ್ದಳು. ಬಂದಕೂಡಲೆ ಕೂತುಬಿಡುತ್ತಿರಲಿಲ್ಲ. ಚೌಕಟ್ಟಿಗೆ ಕೈ ಸವರುತ್ತಿದ್ದರು. ಹಂಚು ನೋಡುತ್ತಿದ್ದರು. ನಿನ್ನ ಅಬ್ಬಾ ನೆಟ್ಟ ಪೇರಲ ಗಿಡದ ಬುಡಕ್ಕೆ ತಾವೇ ಒಂದು ಕೊಡ ನೀರು ಹಾಕುತ್ತಿದ್ದರು. ಒಮ್ಮೆ ಪಡಸಾಲೆಯಲ್ಲಿ ಕ್ಯಾಲೆಂಡರು ತೂಗುಹಾಕಿದ್ದನ್ನು ಕಂಡು ನಿಂತುಬಿಟ್ಟರು.

"ಈ ಗ್ವಾಡಿಗೆ ಯಾರು ಮೊಳಿ ಬಡದ್ರು? ಮಣ್ಣಿನ ಗ್ವಾಡಿ, ಉದರತೈತಿ."

"ನಮ್ಮ ಮನಿ, ನಮ್ಮ ಗ್ವಾಡಿ, ನಮ್ಮ ಮೊಳಿ, ಅಕ್ಕಾರ."

"ಇನ್ನೂ ಅರ್ಧ ಮನಿ ನಂದೈತಿ ಹೊನ್ನವ್ವಾ. ಮೊಳಿ ನನ್ನ ಅರ್ಧದಾಗ ಬಡದೀರಿ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೊಳೆ ಅಲ್ಲೇ ಉಳಿಯಿತು.

ಆದರೆ ಅಮೀರಾ, ನನಗೆ ನೋಡುವ ಚಟವಿದೆ, ನೋಡಿದ್ದನ್ನು ಬಾಯಿಬಿಟ್ಟು ಆಡುವುದಿಲ್ಲ. ಒಂದು ಸಂಗತಿ ನನ್ನ ಕಣ್ಣಿಗೆ ಬೀಳುತ್ತಿತ್ತು. ಮೊದಮೊದಲು ಅಮ್ಮಿ ಅಡುಗೆಮನೆಯ ಹೊಸ್ತಿಲಲ್ಲೇ ಕೂತು ಅವ್ವನ ಕೂಡ ಮಾತಾಡುತ್ತಿದ್ದರು. ಒಂದು ವರ್ಷ ಕಳೆದ ಮೇಲೆ ನಡುಮನೆಯಲ್ಲಿ ಕೂಡತೊಡಗಿದರು. ಮತ್ತೆ ಯಾವಾಗಲೋ ಪಡಸಾಲೆಗೆ ಬಂದರು. ಹೊರಗೆ ಕೂಡ್ರಿ ಎಂದು ಯಾರೂ ಅನ್ನಲಿಲ್ಲ. ಅವ್ವ ಚಾಪೆಯನ್ನು ಪ್ರತಿ ಸಲ ಒಂದಿಷ್ಟು ಈಚೆ ಹಾಸುತ್ತಿದ್ದಳು, ಅವರು ಹಾಸಿದಲ್ಲಿ ಕೂಡುತ್ತಿದ್ದರು. ಬಾಡಿಗೆಗಿದ್ದಾಗ ನಮಗೆ ಆ ಧೈರ್ಯ ಎಲ್ಲಿತ್ತು? ಮನೆ ನಮ್ಮದಾದಷ್ಟೂ ಅವರು ಬಾಗಿಲ ಕಡೆಗೆ ಸರಿದರು. ನಾನು ಕಂಡೆ, ಸುಮ್ಮನಿದ್ದೆ. ಬೇಕಿದ್ದರೆ ಚಾಪೆಯನ್ನು ಒಳಗೆ ನಾನು ಹಾಸಬಹುದಿತ್ತು.

ಈಗ ಹೇಳಲೇಬೇಕಾದ ದಿನಕ್ಕೆ ಬರುತ್ತೇನೆ. ನನಗೆ ಗಂಡು ನೋಡುತ್ತಿದ್ದುದು ನಿನಗೆ ಗೊತ್ತಷ್ಟೆ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿರುವ ವಿರೂಪಾಕ್ಷಪ್ಪನವರ ಮಗ. ಅಪ್ಪ ಅವರ ಮುಂದೆ, "ಮನಿ ಸ್ವಂತದ್ದೈತ್ರಿ" ಎಂದು ಹೇಳಿಬಿಟ್ಟಿದ್ದ. ಪೂರಾ ಸುಳ್ಳಲ್ಲ, ಪೂರಾ ಖರೆಯೂ ಅಲ್ಲ. ಡಿಸೆಂಬರಿನ ಮೊದಲ ಗುರುವಾರ ವಿರೂಪಾಕ್ಷಪ್ಪನವರು ಏನೋ ಕೆಲಸಕ್ಕೆ ಇಲ್ಲಿಯ ಪೇಟೆಗೆ ಬಂದವರು, ಹೆಂಡತಿ ಕರೆವ್ವನವರನ್ನೂ ಕರೆದುಕೊಂಡು, ಮೊದಲೇ ತಿಳಿಸದೆ ಅಪ್ಪನ ಜೊತೆಗೆ ಮನೆಗೆ ಬಂದುಬಿಟ್ಟರು. ಅಮ್ಮಿ ಪಡಸಾಲೆಯಲ್ಲಿ ಚಹಾ ಕುಡಿಯುತ್ತ, ಕಂತು ಕೊಡಲು ಅಪ್ಪ ಅಂಗಡಿಯಿಂದ ಬರಲಿ ಎಂದು ಕುಳಿತಿದ್ದರು. ಪಕ್ಕದಲ್ಲಿ ವರ್ಷದ ಖಾರಕ್ಕೆಂದು ತಂದ ಮೆಣಸಿನಕಾಯಿಯ ರಾಶಿ, ಒಂದು ಮೊರ. ಶಾಲೆಗೆ ರಜೆಯಿತ್ತು, ನಾನೂ ಮನೆಯಲ್ಲಿದ್ದೆ.

ಕರೆವ್ವನವರು ಕೂಡುತ್ತಲೇ ಮನೆಯನ್ನು ಮೇಲಿಂದ ಕೆಳಗೆ ನೋಡಿದರು. "ಮನಿ ಚಲೋ ಐತಿ. ಯಾವಾಗ ಕಟ್ಟಿಸಿದ್ರಿ?" ಎಂದರು. ಅಪ್ಪ ಕೆಮ್ಮಿದ. ಅವರ ಕಣ್ಣು ಅಮ್ಮಿಯ ಮೇಲೆ ಬಿತ್ತು. "ಇವ್ರ್ಯಾರ್ರೀ?"

ಖರೆ ಹೇಳಿದರೆ ಮನೆ ಯಾರದೆಂಬ ಮಾತು ಹೊರಗೆ ಬರುತ್ತಿತ್ತು. ಅಪ್ಪ ಅವ್ವನ ಮುಖ ನೋಡಿದ. ಆಮೇಲೆ ಅವ್ವ, "ಮೆಣಸಿನಕಾಯಿ ತೊಟ್ಟ ಮುರಿಯಾಕ ಬರ್ತಾಳ್ರಿ" ಎಂದುಬಿಟ್ಟಳು.

ಬರ್ತಾಳ. ನಮ್ಮ ಮನೆಯಲ್ಲಿ ಅಮ್ಮಿಯ ಬಗ್ಗೆ ಆ ತನಕ ಯಾರೂ ಹಾಗೆ ಏಕವಚನ ಆಡಿದವರಲ್ಲ.

ಅಮ್ಮಿ ಕಪ್ಪು ಬಸಿಯನ್ನು ಬದಿಗಿಟ್ಟರು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಮೊರವನ್ನು ತೊಡೆಯ ಹತ್ತಿರ ಎಳೆದುಕೊಂಡು, ತೊಟ್ಟು ಮುರಿಯತೊಡಗಿದರು. ನಮ್ಮ ಮಾನ ಉಳಿಸಲು. ಬಂದ ಬೀಗರು ಒಳಗೆ ನಡುಮನೆಯಲ್ಲಿ ನನ್ನನ್ನು ಕೂಡಿಸಿ ಹೆಸರು ಕೇಳಿದರು, ಹಾಡು ಬರುತ್ತದೇನು ಎಂದರು, ಎಷ್ಟು ಓದಿದ್ದೀ ಎಂದರು. ಒಂದೊಂದು ಉತ್ತರದ ನಡುವೆ ಹೊರಗಿಂದ ಟಕ್, ಟಕ್ ಎಂದು ತೊಟ್ಟು ಮುರಿಯುವ ಸಪ್ಪಳ. ನಡುವೆ ಒಂದು ಸೀನು. ಆ ಘಾಟಿಗೆ ಅವರಿಗೆ ಎಂದೂ ಆಗಿಬರುವುದಿಲ್ಲ, ನಿನಗೆ ಗೊತ್ತಲ್ಲ.

ಹೊತ್ತಾಯಿತೆಂದು ಅಮ್ಮಿ ಎದ್ದು, ಕುಡಿದ ಕಪ್ಪನ್ನು ತಾವೇ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದರು. ಬೀಗರ ಎದುರಿಗೆ ಕಂತಿನ ರೊಕ್ಕ ಎಣಿಸಿ ಕೊಡುವುದು ಹೇಗೆ? ಅಪ್ಪ ಕುಳಿತಲ್ಲೇ ಕುಳಿತಿದ್ದ. ಅವ್ವ ಗಾಬರಿಯಲ್ಲಿ ಒಳಗೆ ಹೋಗಿ ಎರಡು ರೂಪಾಯಿಯ ನೋಟು ತಂದು, ಕೂಲಿ ಕೊಟ್ಟ ಹಾಗೆ ಅವರ ಕೈಗೆ ಹಾಕಿದಳು. ಅಮ್ಮಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ಬರ್ತೇನ್ರಿ ಅವ್ವಾರ" ಎಂದು ಹೊರಟರು. ಅವ್ವನನ್ನು ಅವರು 'ಅವ್ವಾರ' ಎಂದು ಕರೆದದ್ದು ಅದೇ ಮೊದಲು.

ವಿರೂಪಾಕ್ಷಪ್ಪನವರು ಮೊರವನ್ನು ನೋಡಿ, "ಕೆಲಸದಾಕಿ ಚಲೋ ಅದಾಳ್ರಿ, ಒಂದ ಬೀಜ ಚೆಲ್ಲಿಲ್ಲ" ಎಂದರು. ಬೀಜದ ವ್ಯಾಪಾರಿಗಳು ತಾನೇ.

ಅವ್ವನನ್ನು ಬೈಯಬೇಡ ಅಮೀರಾ. ಅವತ್ತು ಅವಳು ಊಟ ಮಾಡಲಿಲ್ಲ.

ಸಂಬಂಧ ಕುದುರಿತು. ಆದರೆ ಅವರು ಉತಾರದ ನಕಲು ನೋಡಬೇಕೆಂದರು, ಮನೆ ಯಾರ ಹೆಸರಿನಲ್ಲಿದೆ ಎಂದು. ಇನ್ನೂ ನಾಲ್ಕು ವರ್ಷದ ಕಂತು ಉಳಿದಿತ್ತು. ಜನವರಿಯ ಗುರುವಾರ ಅಮ್ಮಿ ಬರಲಿಲ್ಲ. ಬಾರದೆ ಇದ್ದದ್ದು ಅಪ್ಪನಿಗೆ ಅನುಕೂಲವೇ ಆಯಿತು, ಉಳಿದ ಕಂತನ್ನೆಲ್ಲ ಒಮ್ಮೆಲೇ ತೀರಿಸಿ ಮನೆ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ನಿಂತ. ನಾನು ಹಾವೇರಿಯ ಶಾಲೆಯಲ್ಲಿ ಕಲಿಸಿ ಉಳಿಸಿದ್ದಷ್ಟನ್ನು ಕೊಟ್ಟೆ. ಉಳಿದದ್ದನ್ನು ಅಪ್ಪ ತನ್ನ ಅಂಗಡಿಯ ಸಾವಕಾರರ ಹತ್ತಿರ ತಂದ, ಬಡ್ಡಿಗೆ. ಬಡ್ಡಿಯಿಲ್ಲದ ಸಾಲ ತೀರಿಸಲು ಬಡ್ಡಿ ಸಾಲ! ಇಡೀ ಬ್ಯಾಡಗಿಯಲ್ಲಿ ಇಂಥ ವ್ಯಾಪಾರ ಯಾರೂ ಮಾಡಿರಲಾರರು. ನಾವು ಮಾಡಿದೆವು, ಮಾಡಿ ಹೆಮ್ಮೆಪಟ್ಟೆವು.

ನೋಂದಣಿ ಕಚೇರಿಗೆ ಅಮ್ಮಿ ಫಕ್ಕೀರಸಾಬರ ಜೊತೆ ಬಂದರು. ಅಪ್ಪ ರೊಕ್ಕವನ್ನು ಎಣಿಸಿ ಮುಂದಿಟ್ಟ. ಅವರು ಅದರೊಳಗಿಂದ ಎರಡು ರೂಪಾಯಿ ತೆಗೆದು ಅಪ್ಪನ ಕಡೆಗೆ ಸರಿಸಿದರು.

"ಇದು ಮುಟ್ಟೇತ್ರಿ ಪ್ರಭಣ್ಣ."

"ಯಾವ ಎರಡ ರೂಪಾಯಿ?"

"ಹೊನ್ನವ್ವ ಕೊಟ್ಟಾಳ, ಅವತ್ತ. ಡಿಸೆಂಬರ್ ಕಂತಿನಾಗ ಹಿಡಕೋರಿ."

ಅಪ್ಪನಿಗೆ ತಿಳಿಯಿತೋ ಇಲ್ಲವೋ. ಅವ್ವ ತಲೆ ಬಗ್ಗಿಸಿದಳು. ನಾನು ಹೆಬ್ಬೆಟ್ಟಿನ ಮಸಿಯ ಡಬ್ಬಿಯನ್ನು ನೋಡುತ್ತ ನಿಂತೆ. ಕೂಲಿಯೆಂದು ಕೊಟ್ಟದ್ದನ್ನು ಅವರು ಕೂಲಿಯಾಗಿ ಇಟ್ಟುಕೊಳ್ಳಲಿಲ್ಲ. ಸಿಟ್ಟಿನಿಂದ ಹಾಗೆ ಮಾಡಿದರೋ, ನಮ್ಮ ಮೇಲಿನ ಋಣ ಇಳಿಸಲು ಮಾಡಿದರೋ, ಈ ತನಕ ನನಗೆ ಗೊತ್ತಾಗಿಲ್ಲ. ದನಿ ಮಾತ್ರ ಎಂದಿನಂತೆಯೇ ಇತ್ತು. ಹೆಬ್ಬೆಟ್ಟು ಒತ್ತಿದ ಮೇಲೆ ಅವ್ವ, "ಮನಿಗೆ ಬರ್ರಿ ಅಕ್ಕಾರ, ಚಹಾ ಕುಡದು ಹೋಗೀರಂತ" ಎಂದಳು. "ಬಸ್ಸಿಗೆ ಹೊತ್ತಾತು" ಎಂದರು. ಆಗಿನ್ನೂ ಬೆಳಗಿನ ಹೊತ್ತು, ಹಾವೇರಿಗೆ ಎಷ್ಟು ಬಸ್ಸು ಬೇಕಾದರೂ ಇದ್ದವು.

ಈ ತಿಂಗಳು ವಾಸ್ತುಶಾಂತಿ ಮಾಡಿದೆವು. ಅಮ್ಮಿಗೆಂದು ಸೀರೆ ತಂದಿದ್ದೆವು, ಅವರು ಬರಲಿಲ್ಲ. ಹೋದ ರವಿವಾರ ಅದನ್ನು ಹಿಡಿದುಕೊಂಡು ನಾನೊಬ್ಬಳೇ ಅಗಡಿಗೆ ಹೋದೆ. ಹೊರಗೆ ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತಿದ್ದೆ. "ಅಲ್ಲ್ಯಾಕ ನಿಂತಿ ಬೇಟಿ? ಒಳಗ ಬಾ" ಎಂದು ಕೈ ಹಿಡಿದು ಕರೆದುಕೊಂಡು ಹೋಗಿ, ಒಲೆಯ ಮಗ್ಗುಲಿಗೇ ಮಣೆ ಹಾಕಿ ಕೂಡಿಸಿದರು. ಆ ಮನೆಯಲ್ಲಿ ಅದಕ್ಕಿಂತ ಒಳಗಿನ ಜಾಗ ಇರಲಿಲ್ಲ. ನಿಮ್ಮ ಮಾಮಿ ಹಾಜಿರಾಬಿ ಚಹಾ ಸೋಸುತ್ತ ಕೇಳಿದರು, "ಯಾಕ ಅಕ್ಕಾ, ಬ್ಯಾಡಗಿ ಮರತೇ ಬಿಟ್ಟೀಯಲ್ಲ? ಅಲ್ಲೇನಾತು?"

"ಏನಿಲ್ಲ ತಗಿ. ಹೊನ್ನವ್ವ ಗಾಬ್ರಿಯಾಗಿ ಏನೋ ಒಂದ ಮಾತ ಅಂದ್ಲು. ಅಷ್ಟಕ್ಕ ಸಿಟ್ಟಾಗಾಕ ನಾ ಏನು ಸಣ್ಣ ಹುಡಿಗ್ಯೇನು?" ಎಂದು ನಕ್ಕರು.

ಹೊರಡುವಾಗ ಹೇಳಿದೆ, "ಬರೂ ಗುರುವಾರ ಬರ್ರಿ ಅಮ್ಮಿ."

"ಯಾ ಕೆಲಸಕ್ಕ ಬರ್ಲಿ?"

"ಸುಮ್ಮನ ಬರ್ರಿ."

"ಸುಮ್ಮನ ಹೆಂಗ ಬರೂದು ಬೇಟಿ? ಇಷ್ಟ ವರ್ಷ ಕೆಲಸಿತ್ತು, ಬರ್ತಿದ್ನಿ. ಯಾಕ ಹೊಂಟಿ ಅಂತ ಫಕ್ಕೀರ ಕೇಳ್ತಿರಲಿಲ್ಲ, ಯಾಕ ಬಂದಿ ಅಂತ ನಿಮ್ಮವ್ವ ಕೇಳ್ತಿರಲಿಲ್ಲ." ಹೊಸ್ತಿಲ ತನಕ ಬಂದು, "ಪೇರಲ ಗಿಡಕ್ಕ ನೀರು ಹಾಕ್ತೀರಿಲ್ಲೋ?" ಎಂದರು. ಹಾಕುತ್ತೇವೆ ಎಂದೆ.

ಹಾಕುತ್ತಿದ್ದೇವೆ, ಅದೇನೋ ಖರೆ. ಆದರೆ ಅಪ್ಪ ಮದುವೆಗೆ ಅಂಗಳದಲ್ಲಿ ಹಂದರ ಹಾಕಲು ಅಡ್ಡ ಬರುತ್ತದೆಂದು ಗಿಡ ಕಡಿಸಬೇಕೆಂದಿದ್ದಾನೆ. ಬೇಡ ಎನ್ನಲು ದಿನಾ ಬಾಯಿ ತೆರೆಯುತ್ತೇನೆ, ಮಾತು ಹೊರಡುವುದಿಲ್ಲ. ನಾನು ಮೊದಲಿನಿಂದಲೂ ಹೀಗೇ ಎಂದು ನಿನಗೆ ಗೊತ್ತು. ಶಾಲೆಯಲ್ಲಿ ನನ್ನ ಪರವಾಗಿ ಜಗಳ ಆಡುತ್ತಿದ್ದವಳೂ ನೀನೇ.

ಮದುವೆ ಮೇ ತಿಂಗಳಲ್ಲಿ. ಇಷ್ಟೆಲ್ಲ ಮಾಡಿ ನಮ್ಮದು ಮಾಡಿಕೊಂಡ ಮನೆಯಲ್ಲಿ ನಾನು ಇನ್ನು ಇರುವುದೇ ಎರಡೂವರೆ ತಿಂಗಳು. ಆಮೇಲೆ ನಾನೂ ರಾಣೆಬೆನ್ನೂರಿನಿಂದ ಏನಾದರೊಂದು ನೆಪ ಹುಡುಕಿಕೊಂಡು ಬಸ್ಸು ಹತ್ತಬೇಕಾದವಳು. ಅವ್ವ ಚಾಪೆ ಎಲ್ಲಿ ಹಾಸುತ್ತಾಳೋ.

ರಮಜಾನ್ ಹತ್ತಿರ ಬಂತು. ಹಬ್ಬಕ್ಕೆ ನೀನು ಅಗಡಿಗೆ ಬರುವುದಾದರೆ ಮೊದಲೇ ಪತ್ರ ಬರೆ. ಅಮ್ಮಿಯನ್ನು ಕರೆದುಕೊಂಡು ಇಲ್ಲಿಗೆ ಬಾ. ನಿನ್ನ ನೆಪದಲ್ಲಾದರೂ ಅವರು ಬರಬಹುದು. ಚಾಪೆ ಈ ಸಲ ನಾನು ಹಾಸುತ್ತೇನೆ. ನಿಮ್ಮವರಿಗೆ ನನ್ನ ನಮಸ್ಕಾರ. ಕೂಸಿಗೆ ಹಲ್ಲು ಬಂದಿರಬೇಕು, ಅದು ನಿನ್ನ ಹಾಗೆ ಮಾತುಗಾತಿಯಾಗಿ, ನೂರು ಕಾಲ ಬಾಳಲಿ.

ನಿನ್ನ
ದಾಕ್ಷಾಯಣಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಒಮ್ಮೆ ಓದಿದೆ. ಇದನ್ನು ಹೀಗೇ ಕಳಿಸಲಾರೆ. ಅಮೀರಾ, ಅವತ್ತು ಕರೆವ್ವನವರು ಕೇಳಿದಾಗ ಅವ್ವ, "ಇವ್ರು ನಮ್ಮ..." ಎಂದು ಶುರು ಮಾಡಿದ್ದಳು. ಅವಳು ಖರೆಯನ್ನೇ ಹೇಳುತ್ತಿದ್ದಳೋ ಏನೋ. ಅಷ್ಟರಲ್ಲಿ ನಡುವೆ ಬಾಯಿ ಹಾಕಿ, ತೊಟ್ಟು ಮುರಿಯಲು ಬರುತ್ತಾಳೆ ಎಂದವಳು ನಾನು. ಎಲ್ಲಿಯೂ ಹೊರಡದ ಮಾತು ಅಲ್ಲಿ ಹೊರಟಿತು. ಅಮ್ಮಿ ನನ್ನ ಮುಖವನ್ನು ಒಮ್ಮೆ ನೋಡಿ, ಆಮೇಲೆ ಮೊರ ಎಳೆದುಕೊಂಡರು. ಅಗಡಿಯಲ್ಲಿ ಅವ್ವನ ಹೆಸರು ಹೇಳುವಾಗಲೂ ಅವರು ನನ್ನನ್ನೇ ನೋಡುತ್ತಿದ್ದರು, ನಾನು ತಿದ್ದಲಿಲ್ಲ. ಮೇಲೆ ಅವ್ವ ಎಂದಿರುವುದನ್ನು ಹೊಡೆದು ನನ್ನ ಹೆಸರು ಬರೆಯಲು ಪೆನ್ನು ಎತ್ತಿದೆ, ಕೈ ಬರಲಿಲ್ಲ. ಓದುವಾಗ ನೀನೇ ತಿದ್ದಿಕೊಂಡು ಓದು.